ಮನೆಯೊಳಗೆ ಆರ್ಕಿಡ್: ಫೆಲನಾಪ್ಸಿಸ್ ಗಿಡದ ಪೋಷಣಾಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಆರ್ಕಿಡ್ ಎಂಬ ಹೂವಿನ ಗಿಡಗಳು ಈಚಿನ ವರ್ಷಗಳಲ್ಲಿ ಪಟ್ಟಣದ ನರ್ಸರಿಗಳಿಂದ ಹಳ್ಳಿಯ ಮನೆಗಳಿಗೂ ಬರತೊಡಗಿವೆ. ಮದುವೆ, ಗೃಹಪ್ರವೇಶ ಮುಂತಾದ ಶುಭಕಾರ್ಯಗಳಲ್ಲಿ ಇವುಗಳನ್ನು ಉಡುಗೊರೆಯಾಗಿ ಕೊಡುವುದೂ ರೂಢಿಗೆ ಬಂದಿರುವುದು. ಹೀಗೆ ಬಂದ ಗಿಡವು ಎರಡು ಮೂರು ತಿಂಗಳ ಕಾಲ ಹೂವಿನಿಂದ ಪಡಸಾಲೆಯನ್ನು ಅಲಂಕರಿಸಿ, ಹೂ ಉದುರಿದ ಮೇಲೆ ಕ್ರಮೇಣ ಎಲೆ ಬಾಡಿ, ಬುಡ ಕೊಳೆತು ನಾಶವಾಗುವುದನ್ನು ಅನೇಕ ಯಜಮಾನರು ಕಂಡಿರುವರು. ಈ ಗಿಡವು ನಮ್ಮ ಹವೆಗೆ ಒಗ್ಗತಕ್ಕದ್ದಲ್ಲವೆಂದು ಅವರು ಹೇಳುವುದುಂಟು. ಈ ಅಭಿಪ್ರಾಯವು ಸರಿಯಾದುದಲ್ಲ. ಇಂಥ ಗಿಡಗಳ ಪೈಕಿ ಬಹುಪಾಲು ಸಾಯುವುದು ಅತಿಯಾಗಿ ನೀರುಣಿಸುವುದರಿಂದಲೇ. ಗಿಡದ ಬೇರಿನ ಸ್ವಭಾವವನ್ನು ಒಮ್ಮೆ ಚೆನ್ನಾಗಿ ತಿಳಿದುಕೊಂಡರೆ ಉಳಿದ ಉಪಚಾರಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ. ಆ ಕ್ರಮವನ್ನು ಈ ಕೆಳಗೆ ವಿವರಿಸಿದೆ.

ಗಿಡದ ಪರಿಚಯ

ಆರ್ಕಿಡ್ ಕುಟುಂಬದಲ್ಲಿ ೨೫,೦೦೦ಕ್ಕೂ ಮೇಲ್ಪಟ್ಟು ಜಾತಿಗಳಿವೆ. ಇವುಗಳಲ್ಲಿ ಹೊಸಬರು ಮನೆಯೊಳಗೆ ಬೆಳೆಸಲು ಅತ್ಯಂತ ಸುಲಭವಾದುದು ಫೆಲನಾಪ್ಸಿಸ್ ಎಂಬುದು. ೧೮೨೫ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞನು ಇದಕ್ಕೆ ಈ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಪತಂಗದಂತೆ ತೋರುವುದು’ ಎಂದು ಇದರ ಅರ್ಥ. ಜಾವಾ, ಫಿಲಿಪ್ಪೈನ್ಸ್ ಮುಂತಾದ ದ್ವೀಪಗಳ ಮಳೆಕಾಡುಗಳು ಇದರ ಮುಖ್ಯ ತವರು. ನಮ್ಮ ಪಶ್ಚಿಮಘಟ್ಟದಲ್ಲಿಯೂ ಇದರ ಬಳಗದ ಸಣ್ಣ ಹೂವಿನ ಗಿಡವೊಂದಿದ್ದು, ೧೯೭೪ರಲ್ಲಿ ಫಾದರ್ ಸೆಸಿಲ್ ಸಲ್ಡಾನ್ಹಾ ಅವರು ಅದನ್ನು ಫೆಲನಾಪ್ಸಿಸ್ ಮೈಸೂರೆನ್ಸಿಸ್ ಎಂದು ಕರೆದರು. ಅಂಗಡಿಗಳಲ್ಲಿ ಮಾರುವ ಗಿಡಗಳಾದರೋ ಬೇರೆ ಬೇರೆ ಜಾತಿಗಳ ಮಿಶ್ರತಳಿಗಳು. ಇಂಥ ಮೊದಲನೆಯ ಮಿಶ್ರತಳಿಯು ೧೮೮೬ರಲ್ಲಿ ಇಂಗ್ಲೆಂಡಿನಲ್ಲಿ ಹೂ ಬಿಟ್ಟಿತು.

ಬೇರಿನ ಸ್ವಭಾವ

ಈ ಗಿಡವು ನೆಲದಲ್ಲಿ ಬೆಳೆಯತಕ್ಕದ್ದಲ್ಲ. ಮರದ ಕೊಂಬೆಗಳ ತೊಗಟೆಯನ್ನು ಬೇರುಗಳಿಂದ ಅಪ್ಪಿಕೊಂಡು ಗಾಳಿಯಲ್ಲಿ ಬದುಕುತ್ತದೆ. ಬೇರಿನ ಸುತ್ತ ಬಿಳಿಯ, ಸ್ಪಂಜಿನಂಥ ಹೊದಿಕೆಯೊಂದಿರುವುದು. ಮಳೆ ಬಿದ್ದಾಗ ಈ ಹೊದಿಕೆಯು ನೀರನ್ನು ಕ್ಷಣಮಾತ್ರದಲ್ಲಿ ಹೀರಿಕೊಂಡು ಒಳಗಿನ ಬೇರಿಗೆ ಒದಗಿಸುತ್ತದೆ. ಮಳೆ ನಿಂತ ಕೆಲವು ಗಂಟೆಗಳಲ್ಲಿ ಗಾಳಿಯಿಂದ ಅದು ಮತ್ತೆ ಒಣಗುತ್ತದೆ. ಆದಕಾರಣ ಬೇರಿಗೆ ನೀರು ಎಷ್ಟು ಅಗತ್ಯವೋ ಗಾಳಿಯೂ ಅಷ್ಟೇ ಅಗತ್ಯ. ಕೆಮ್ಮಣ್ಣು ಅಥವಾ ಗೋಡುಮಣ್ಣನ್ನು ತುಂಬಿದ ಕುಂಡದಲ್ಲಿ ಇದನ್ನು ನೆಟ್ಟರೆ ಗಾಳಿಯಾಡದೆ ಬೇರು ಕೊಳೆಯುವುದು ನಿಶ್ಚಯ. ತೋಟದಲ್ಲಿ ನೀರು ನಿಂತರೆ ಅಡಕೆ ಗಿಡದ ಬೇರಿಗೆ ಆಗುವ ಗತಿಯೇ ಇದಕ್ಕೂ ಆಗುತ್ತದೆ. ವ್ಯತ್ಯಾಸವೇನಂದರೆ ಇದು ಬಹು ಬೇಗನೆ ಆಗುತ್ತದೆ.

ಒಣಗಿದ ಬೇರು ಬೆಳ್ಳಿಯಂತೆ ಬೆಳ್ಳಗೆ ಕಾಣುವುದು. ನೀರು ಕುಡಿದ ಬೇರು ಹಸುರಾಗುವುದು. ಈ ಒಂದು ಗುರುತನ್ನು ನೋಡಿ ನೀರು ಹಾಕುವವನು ಗಿಡವನ್ನು ಕಳೆದುಕೊಳ್ಳುವ ಸಂಭವವು ಕಡಮೆ.

ಕುಂಡ ಮತ್ತು ಅದರಲ್ಲಿ ತುಂಬುವ ವಸ್ತುಗಳು

ಬೇರು ಕಣ್ಣಿಗೆ ಕಾಣುವಂತೆ, ಪಾರದರ್ಶಕವಾದ ಪ್ಲಾಸ್ಟಿಕ್ ಕುಂಡವು ಹೊಸಬರಿಗೆ ಉತ್ತಮ. ಅದು ದೊರೆಯದಿದ್ದಲ್ಲಿ ತಳದಲ್ಲಿಯೂ ಪಕ್ಕಗಳಲ್ಲಿಯೂ ತೂತುಗಳಿರುವ ಮಣ್ಣಿನ ಕುಂಡವಾಗಬಹುದು. ಕುಂಡವು ಬೇರುಗಳು ಹಿಡಿಸುವಷ್ಟು ಮಾತ್ರ ಇರಬೇಕು. ಸಾಧಾರಣವಾಗಿ ೪ರಿಂದ ೫ ಅಂಗುಲದ್ದು ಸಾಕು. ದೊಡ್ಡ ಕುಂಡದಲ್ಲಿ ತೇವವು ಆರದೆ ಉಳಿಯುವುದು.

ತುಂಬಲು ಬೇಕಾದ ವಸ್ತುಗಳು ನಮ್ಮ ಹಳ್ಳಿಗಳಲ್ಲಿಯೇ ಸಿಕ್ಕುತ್ತವೆ. ತೆಂಗಿನಕಾಯಿ ಮಟ್ಟೆಯನ್ನು ಅರ್ಧದಿಂದ ಒಂದು ಅಂಗುಲದ ಚೂರುಗಳಾಗಿ ಕತ್ತರಿಸಿ, ನೀರನ್ನು ದಿನವೂ ಬದಲಾಯಿಸುತ್ತ ನಾಲ್ಕೈದು ದಿನ ನೆನೆಹಾಕಿ, ಅದರಲ್ಲಿರುವ ಒಗರನ್ನೂ ಉಪ್ಪಿನ ಅಂಶವನ್ನೂ ತೆಗೆಯಬೇಕು. ಇದರ ಎರಡು ಭಾಗಕ್ಕೆ ಸೌದೆಯ ಇದ್ದಲಿನ ಚೂರು ಎರಡು ಭಾಗವನ್ನೂ ಹೆಂಚಿನ ಚೂರು ಒಂದು ಭಾಗವನ್ನೂ ಬೆರೆಸತಕ್ಕದ್ದು. ಪುಡಿಯನ್ನು ಜರಡಿಯಾಡಿ ತೆಗೆದುಬಿಡಬೇಕು. ಮಟ್ಟೆಯು ಕಾಲಕ್ರಮದಲ್ಲಿ ಕೊಳೆತು ಮಣ್ಣಿನಂತಾಗುವುದರಿಂದ ಎರಡು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಕುಂಡವನ್ನು ಬದಲಾಯಿಸುವುದು ಅಗತ್ಯ. ಆಗ ಮೆತ್ತಗೆ, ಟೊಳ್ಳಾಗಿ, ಕಂದುಬಣ್ಣಕ್ಕೆ ತಿರುಗಿದ ಬೇರುಗಳನ್ನು ಕತ್ತರಿಸಿ ತೆಗೆದು ಗಟ್ಟಿಯಾದವುಗಳನ್ನು ಮಾತ್ರ ಉಳಿಸಬೇಕು. ಕತ್ತರಿಯ ಬಾಯನ್ನು ಪ್ರತಿ ಗಿಡಕ್ಕೂ ಮೊದಲು ಬೆಂಕಿಯಲ್ಲಿ ಕಾಯಿಸಿ ಆರಿಸಿಕೊಳ್ಳತಕ್ಕದ್ದು. ಏತಕ್ಕೆಂದರೆ, ಮದ್ದಿಲ್ಲದ ನಂಜುರೋಗಗಳು ಒಂದು ಗಿಡದಿಂದ ಇನ್ನೊಂದಕ್ಕೆ ಕತ್ತರಿಯ ಮೂಲಕವೇ ಹರಡುತ್ತವೆ.

ಸ್ಥಳ ಮತ್ತು ಬೆಳಕು

ಮರದ ನೆರಳಿನಲ್ಲಿ ಬೆಳೆಯುವ ಗಿಡವಾದ್ದರಿಂದ ನೇರವಾದ ಬಿಸಿಲು ಕೂಡದು. ಪೂರ್ವದ ಕಿಟಕಿಯ ಬಳಿ, ಬೆಳಗಿನ ಎಳೆಬಿಸಿಲು ಬೀಳುವಲ್ಲಿ ಇಡುವುದು ಶ್ರೇಷ್ಠ. ತೊಟ್ಟಿಮನೆಯುಳ್ಳವರು ತೊಟ್ಟಿಯ ಸುತ್ತಣ ಜಗಲಿಯಲ್ಲಿ, ಬಿಸಿಲು ಮಳೆ ತಾಕದ ಕಡೆಯಲ್ಲಿ ಇಡಬಹುದು. ಎಲೆಯ ಬಣ್ಣವೇ ಬೆಳಕಿನ ಅಳತೆಗೋಲು. ಎಲೆಯು ಕಪ್ಪು ಮಿಶ್ರವಾದ ದಟ್ಟ ಹಸುರಾಗಿದ್ದರೆ ಬೆಳಕು ಸಾಲದು. ಹಳದಿಗೆ ಅಥವಾ ಕೆಂಪಿಗೆ ತಿರುಗಿದರೆ ಬೆಳಕು ಹೆಚ್ಚಾಯಿತು. ತಿಳಿಹಸುರಾಗಿದ್ದರೆ ಸರಿಯಾಗಿದೆಯೆಂದು ತಿಳಿಯಬಹುದು. ಗಾಳಿಯು ಮಂದವಾಗಿ ಆಡುತ್ತಿರಬೇಕು. ಬಯಲುಸೀಮೆಯ ಒಣಹವೆಯಲ್ಲಿ ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನೂ ನೀರನ್ನೂ ತುಂಬಿ, ನೀರು ಕುಂಡದ ತಳಕ್ಕೆ ಮುಟ್ಟದಂತೆ ಕಲ್ಲುಗಳ ಮೇಲೆ ಕುಂಡವನ್ನಿಟ್ಟರೆ ಸುತ್ತಲೂ ಸ್ವಲ್ಪ ತಂಪು ಉಂಟಾಗುವುದು.

ನೀರು

ನೀರನ್ನು ಬೆಳಿಗ್ಗೆ ಹಾಕಬೇಕು. ಕುಂಡದ ತಳದಿಂದ ಧಾರೆಯಾಗಿ ಇಳಿದುಹೋಗುವಂತೆ ಧಾರಾಳವಾಗಿ ಹುಯ್ದು, ಪೂರ್ಣ ಬಸಿಯಲು ಬಿಡತಕ್ಕದ್ದು. ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಚೆಲ್ಲಿಬಿಡಬೇಕು. ಮತ್ತೆ ನೀರು ಹಾಕುವುದು ಬೇರು ಬೆಳ್ಳಗಾದ ಮೇಲೆಯೇ. ಬೇಸಗೆಯಲ್ಲಿ ಇದು ಮೂರು ನಾಲ್ಕು ದಿನಕ್ಕೊಮ್ಮೆ ಆಗಬಹುದು. ಮಲೆನಾಡಿನ ಮಳೆಗಾಲದಲ್ಲಿ ಹತ್ತು ದಿನವಾದರೂ ಬೇರು ಹಸುರಾಗಿಯೇ ಇರಬಹುದು. ಆದ್ದರಿಂದ ಇಂಥ ವಾರದಲ್ಲಿ ಇಷ್ಟು ಸಲವೆಂದು ನಿಯಮ ಮಾಡುವುದಕ್ಕಾಗುವುದಿಲ್ಲ. ಮನೆಯಲ್ಲಿ ನಾಲ್ಕು ಜನ ನಾಲ್ಕು ಸಲ ನೀರು ಹಾಕುವುದರಿಂದಲೇ ಅನೇಕ ಗಿಡಗಳು ಹಾಳಾಗಿರುವುವು. ಈ ಕೆಲಸವನ್ನು ಒಬ್ಬರಿಗೇ ವಹಿಸುವುದು ಮೇಲು.

ಎಲೆಗಳ ನಡುವಣ ಸುಳಿಯಲ್ಲಿ ನೀರು ನಿಲ್ಲಗೊಡಬಾರದು. ರಾತ್ರಿಯೆಲ್ಲ ಅಲ್ಲಿ ನೀರಿದ್ದರೆ ಸುಳಿ ಕೊಳೆಯುವುದು. ಸುಳಿಯೊಂದೇ ಈ ಗಿಡದ ಬೆಳೆಯುವ ತುದಿಯಾದ್ದರಿಂದ ಅದು ಕೊಳೆತರೆ ಗಿಡವು ಚೇತರಿಸಿಕೊಳ್ಳುವುದು ಅಪರೂಪ. ನೀರು ಬಿದ್ದರೆ ಬಟ್ಟೆಯ ತುದಿಯಿಂದ ಒರಸಬೇಕು. ಕೊಳವೆಬಾವಿಯ ನೀರು ಗಡುಸಾಗಿರುವ ಊರುಗಳಲ್ಲಿ ಮಳೆಯ ನೀರನ್ನು ಹಿಡಿದಿಟ್ಟು ಬಳಸುವುದು ಒಳ್ಳೆಯದು. ಬೇರಿನ ಮೇಲಾಗಲಿ ಕುಂಡದ ಅಂಚಿನಲ್ಲಾಗಲಿ ಬಿಳಿಯ ಉಪ್ಪು ಕಟ್ಟುವುದು ಗಡುಸು ನೀರಿನ ಲಕ್ಷಣ.

ಗೊಬ್ಬರ

ಮರದ ಮೇಲೆ ಈ ಗಿಡಕ್ಕೆ ದೊರೆಯುವ ಆಹಾರವು ಅತ್ಯಲ್ಪ. ಕೊಟ್ಟಿಗೆ ಗೊಬ್ಬರ, ಹಿಂಡಿ ಮುಂತಾದುವನ್ನು ಕುಂಡಕ್ಕೆ ಹಾಕಕೂಡದು. ರೈತರು ಬೆಳೆಗೆ ಸಿಂಪಡಿಸುವ, ನೀರಿನಲ್ಲಿ ಕರಗುವ ೧೯:೧೯:೧೯ ಗೊಬ್ಬರವನ್ನು ಲೀಟರು ನೀರಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಂವರೆಗೆ ಕರಗಿಸಿ, ಬೆಳೆಯುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಕೊಟ್ಟರೆ ಸಾಕು. ತಿಂಗಳಿಗೊಮ್ಮೆ ಬರಿಯ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆದು ಉಳಿದ ಉಪ್ಪನ್ನು ಹೊರಡಿಸಬೇಕು. ಹೆಚ್ಚು ಗೊಬ್ಬರದಿಂದ ಬೇರಿನ ತುದಿಗಳು ಸುಟ್ಟು ಕಪ್ಪಾಗುತ್ತವೆ.

ಹೂ ಬರಿಸುವ ಕ್ರಮ

ಗಿಡವು ಆರೋಗ್ಯವಾಗಿದ್ದರೂ ವರ್ಷಗಟ್ಟಲೆ ಹೂ ಬಿಡಲಿಲ್ಲವೆಂದು ಕೆಲವರು ದೂರುವುದುಂಟು. ಇದಕ್ಕೆ ಕಾರಣವು ಸೆಕೆ. ೨೮ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲ್ಪಟ್ಟ ಉಷ್ಣದಲ್ಲಿ ಗಿಡವು ಎಲೆಯನ್ನು ಬಿಡುವುದೇ ಹೊರತು ಹೂದಂಡನ್ನು ಬಿಡುವುದಿಲ್ಲ. ಹಗಲಿನಲ್ಲಿ ೨೫ ಡಿಗ್ರಿ, ರಾತ್ರಿಯಲ್ಲಿ ೧೮ ಡಿಗ್ರಿಯ ಆಸುಪಾಸಿನ ತಂಪು ನಾಲ್ಕರಿಂದ ಆರು ವಾರ ದೊರೆತರೆ ದಂಡು ಹೊರಡುತ್ತದೆ. ಬೆಂಗಳೂರು, ಹಾಸನ, ಚಿಕ್ಕಮಗಳೂರು, ಕೊಡಗು ಸೀಮೆಗಳಲ್ಲಿ ನವೆಂಬರಿನಿಂದ ಜನವರಿಯವರೆಗೆ ಈ ಹವೆಯು ಸಹಜವಾಗಿಯೇ ಇರುವುದು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಆ ತಿಂಗಳುಗಳಲ್ಲಿ ಗಿಡವನ್ನು ಮನೆಯ ಅತ್ಯಂತ ತಂಪಾದ, ಬೆಳಕುಳ್ಳ ಅಂಕಣದಲ್ಲಿಟ್ಟು ರಾತ್ರಿ ಕಿಟಕಿಯನ್ನು ತೆರೆದಿಡಬೇಕು.

ಎಲೆಯ ಬುಡದಿಂದ ಹೊರಡುವ ಮೊಳಕೆಯು ದಂಡೋ ಬೇರೋ ಎಂಬ ಸಂದೇಹ ಬರಬಹುದು. ಬೇರಿನ ತುದಿಯು ಗುಂಡಗೆ ನುಣುಪಾಗಿರುವುದು. ದಂಡಿನ ತುದಿಯು ಚಪ್ಪಟೆಯಾಗಿ ಮೂತಿಯಂತಿರುವುದು. ದಂಡು ಕಂಡ ಮೇಲೆ ಕುಂಡವನ್ನು ತಿರುಗಿಸದೆ, ಸಣ್ಣ ಬಿದಿರುಕಡ್ಡಿಯ ಆಸರೆ ಕೊಡಬೇಕು. ಅಲ್ಲಿಂದ ಹೂ ಅರಳಲು ಸುಮಾರು ಮೂರು ತಿಂಗಳು ಹಿಡಿಯುವುದು. ಹೂ ಮುಗಿದ ಬಳಿಕ ಬಲವಾದ ಗಿಡದಲ್ಲಿ ದಂಡನ್ನು ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸಿದರೆ ಕವಲೊಡೆದು ಮತ್ತೊಮ್ಮೆ ಹೂ ಬರಬಹುದು. ಗಿಡವು ಬಡವಾಗಿದ್ದರೆ ದಂಡನ್ನು ಬುಡಕ್ಕೇ ಕತ್ತರಿಸಿ ವಿಶ್ರಾಂತಿ ಕೊಡತಕ್ಕದ್ದು.

ಮೊಗ್ಗು ಉದುರುವುದು, ಕೀಟ, ರೋಗ

ಮೊಗ್ಗು ಹಳದಿಯಾಗಿ ಉದುರಿದರೆ ಮೊದಲು ಸ್ಥಳವನ್ನು ಪರೀಕ್ಷಿಸಬೇಕು. ಬಾಳೆಗೊನೆಯನ್ನು ಹಣ್ಣಿಗೆ ಹಾಕಿರುವ ಕೋಣೆಯಲ್ಲಿಯೂ ಸೌದೆ ಒಲೆಯ ಹೊಗೆ ಬರುವಲ್ಲಿಯೂ ಈ ಗಿಡವನ್ನು ಇಡಲೇಕೂಡದು. ಮಾಗುವ ಹಣ್ಣಿನಿಂದಲೂ ಹೊಗೆಯಿಂದಲೂ ಎಥಿಲೀನ್ ಎಂಬ ಅನಿಲವು ಹೊರಡುತ್ತದೆ. ಕಾಯನ್ನು ಹಣ್ಣು ಮಾಡುವ ಆ ಅನಿಲವೇ ಮೊಗ್ಗನ್ನೂ ಹೂವನ್ನೂ ಉದುರಿಸುತ್ತದೆ. ಬಿಸಿಗಾಳಿ ಮತ್ತು ಬೇರಿನ ಕೊಳೆತವೂ ಇತರ ಕಾರಣಗಳು.

ಎಲೆಯ ಕಂಕುಳಲ್ಲಿ ಹಿಟ್ಟುತಿಗಣೆ ಸೇರಿದರೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ, ವಾರಕ್ಕೊಮ್ಮೆಯಂತೆ ಮೂರು ಸಲ ಈ ಉಪಚಾರ ಮಾಡಬೇಕು. ಬಸವನಹುಳುಗಳನ್ನು ರಾತ್ರಿ ದೀಪ ಹಿಡಿದು ಆರಿಸಿ ತೆಗೆಯಬಹುದು. ಎಲೆಯಲ್ಲಿ ನೀರುಗುಳ್ಳೆಯಂಥ ಕೊಳೆಮಚ್ಚೆ ಕಂಡರೆ, ಒಳ್ಳೆಯ ಭಾಗವೂ ಸ್ವಲ್ಪ ಸೇರುವಂತೆ ಕತ್ತರಿಸಿ, ಗಿಡವನ್ನು ಬೇರೆಯಾಗಿಟ್ಟು, ಒಂದೆರಡು ವಾರ ಎಲೆಗೆ ನೀರು ತಾಕಿಸಬಾರದು.

ಕಾಡಿನ ಗಿಡಗಳ ವಿಚಾರ

ಈ ಸಂದರ್ಭದಲ್ಲಿ ಗ್ರಾಮದ ಮುಖಂಡರ ಗಮನಕ್ಕೆ ತರಬೇಕಾದ ಸಂಗತಿಯೊಂದುಂಟು. ಮಲೆನಾಡಿನಲ್ಲಿ ಮುಂಗಾರಿನ ಮೊದಲಿಗೆ ಅರಳುವ ಸೀತಾಳೆ ದಂಡೆಯೂ ಆರ್ಕಿಡ್ಡೇ. ಇದನ್ನು ಬಂದಳಿಕೆಯೆಂದು ಬಗೆದು ತೋಟದ ಮರಗಳಿಂದ ಕಿತ್ತೆಸೆಯುವುದುಂಟು. ಬಂದಳಿಕೆಯು ಬೇರನ್ನು ಮರದೊಳಕ್ಕೆ ಇಳಿಸಿ ರಸವನ್ನು ಹೀರುವುದು. ಸೀತಾಳೆಯಾದರೋ ತೊಗಟೆಯ ಮೇಲೆ ಆತುಕೊಂಡಿರುವುದೇ ಹೊರತು ಮರದಿಂದ ಏನನ್ನೂ ಕದಿಯುವುದಿಲ್ಲ. ಅದನ್ನು ಅಲ್ಲಿಯೇ ಬಿಡುವುದರಿಂದ ಯಜಮಾನರಿಗೆ ನಷ್ಟವಿಲ್ಲ.

ಕಾಡಿನಿಂದ ಕಿತ್ತು ತಂದು ಸಂತೆಯಲ್ಲಿ ಮಾರುವವರಿಂದ ಇಂಥ ಗಿಡವನ್ನು ಕೊಳ್ಳತಕ್ಕದ್ದಲ್ಲ. ಹರಿದ ಬೇರಿನ ಗಿಡವು ಮನೆಯಲ್ಲಿ ಬದುಕುವುದು ಕಷ್ಟ. ಬದುಕದಿದ್ದರೆ ಕಾಡಿಗೂ ಮನೆಗೂ ನಷ್ಟ. ಆರ್ಕಿಡ್ ಬೀಜವು ಧೂಳಿನಷ್ಟು ಸಣ್ಣದು. ಅದರಲ್ಲಿ ಆಹಾರದ ಸಂಗ್ರಹವಿಲ್ಲದ ಕಾರಣ, ಒಂದು ಬಗೆಯ ಬೂಷ್ಟಿನ ಸಹಾಯ ದೊರೆತಲ್ಲದೆ ಕಾಡಿನಲ್ಲಿ ಮೊಳೆಯದು. ಮೊಳೆತದ್ದು ಹೂ ಬಿಡಲು ಹಲವು ವರ್ಷಗಳು ಬೇಕು. ೧೯೨೨ರಲ್ಲಿ ಅಮೆರಿಕದ ನಡ್ಸನ್ ಎಂಬ ವಿಜ್ಞಾನಿಯು ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಪಾಕದಲ್ಲಿ, ಬೂಷ್ಟಿನ ಸಹಾಯವಿಲ್ಲದೆಯೇ, ಸೀಸೆಯೊಳಗೆ ಈ ಬೀಜಗಳನ್ನು ಮೊಳೆಸುವ ವಿಧಾನವನ್ನು ಪ್ರಕಟಿಸಿದನು. ಇಂದು ನರ್ಸರಿಗಳಲ್ಲಿ ದೊರೆಯುವ ಫೆಲನಾಪ್ಸಿಸ್ ಗಿಡಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದವುಗಳೇ. ಹೀಗಿರುವಲ್ಲಿ ಕಾಡನ್ನು ಬರಿದುಮಾಡುವ ಅಗತ್ಯವೇ ಇಲ್ಲ. ಮೀಸಲು ಅರಣ್ಯದಿಂದ ಅಪ್ಪಣೆಯಿಲ್ಲದೆ ಗಿಡ ಕೀಳುವುದು ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಅಪರಾಧವೂ ಆಗಿರುವುದು.

ವ್ಯಾಪಾರಕ್ಕೆ ಕೈಹಾಕುವವರಿಗೆ

ಆರ್ಕಿಡ್ ಹೂವಿನ ಬೆಲೆಯನ್ನು ಕೇಳಿ ಒಮ್ಮೆಗೇ ಹಸಿರುಮನೆ ಕಟ್ಟಲು ಯೋಚಿಸುವ ಭೂಮಾಲೀಕರಿದ್ದಾರೆ. ಆರ್ಕಿಡ್ ಕುಟುಂಬಕ್ಕೇ ಸೇರಿದ ವೆನಿಲ್ಲಾ ಬೆಳೆಯ ಬೆಲೆಯು ೨೦೦೩ರ ಸುಮಾರಿಗೆ ಏರಿ, ಮರುವರ್ಷಗಳಲ್ಲಿ ಕುಸಿದು, ಮಲೆನಾಡಿನ ಅನೇಕ ತೋಟಗಾರರಿಗೆ ನಷ್ಟವುಂಟಾದುದನ್ನು ಮರೆಯಬಾರದು. ಮೊದಲು ಐದು ಕುಂಡಗಳನ್ನು ಮನೆಯಲ್ಲಿ ಎರಡು ವರ್ಷ ಸಾಕಿ, ಎರಡು ಸಲ ಹೂ ಬರಿಸಿ, ತಮ್ಮ ಊರಿನ ಹವೆಯಲ್ಲಿ ಗಿಡದ ನಡತೆಯನ್ನು ತಿಳಿದುಕೊಳ್ಳಲಿ. ಐದನ್ನು ಉಳಿಸಲಾರದವರು ಐದು ಸಾವಿರವನ್ನು ಉಳಿಸಲಾರರು. ಕರಾವಳಿಯ ಸೆಕೆಯಲ್ಲಿ ಫೆಲನಾಪ್ಸಿಸ್ಸಿಗಿಂತ ಡೆಂಡ್ರೋಬಿಯಂ ಮಿಶ್ರತಳಿಗಳು ಹೆಚ್ಚು ಒಗ್ಗುವುವೆಂಬುದನ್ನೂ ಗಮನಿಸತಕ್ಕದ್ದು.

ಸಾರಾಂಶ

೧. ಕುಂಡಕ್ಕೆ ಮಣ್ಣು ಹಾಕಕೂಡದು. ಮಟ್ಟೆ, ಇದ್ದಲು, ಹೆಂಚಿನ ಚೂರು ಮಾತ್ರ.
೨. ಬೇರು ಬೆಳ್ಳಗಾದಾಗ ನೀರು, ಹಸುರಾಗಿರುವಾಗ ಬೇಡ.
೩. ಸುಳಿಯಲ್ಲಿ ನೀರು ನಿಲ್ಲಬಾರದು.
೪. ಎಳೆಬಿಸಿಲು, ಆಡುವ ಗಾಳಿ. ಹೊಗೆಯೂ ಮಾಗುವ ಹಣ್ಣೂ ದೂರ.
೫. ಚಳಿಗಾಲದ ತಂಪಿನಿಂದಲೇ ಹೂದಂಡು.
೬. ಗಿಡವನ್ನು ನರ್ಸರಿಯಿಂದ ಕೊಳ್ಳುವುದು. ಕಾಡಿನದನ್ನು ಕಾಡಿಗೇ ಬಿಡುವುದು.

ಈ ಆರು ಮಾತುಗಳನ್ನು ನಡಸಿಕೊಂಡು ಬಂದಲ್ಲಿ ಒಂದೇ ಗಿಡವು ಹತ್ತಾರು ವರ್ಷ ಮನೆಯಲ್ಲಿದ್ದು ವರ್ಷವರ್ಷವೂ ಹೂ ಕೊಡುವುದರಲ್ಲಿ ಸಂದೇಹವಿಲ್ಲ.