ಪಾಪ್ಲರ್ ವರ್ಕ್‌ಹೌಸ್: ಕಸುವಿದ್ದವರ ಬಡತನಕ್ಕೊಂದು ಪರೀಕ್ಷೆ
1866ರಲ್ಲಿ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ದಿವಾಳಿಯಾದಾಗ ಥೇಮ್ಸ್ ದಂಡೆಯ ಹಡಗು ಉದ್ಯಮವೂ ಕುಸಿದು, ಪೂರ್ವ ಲಂಡನ್ನಿನ ಪಾಪ್ಲರ್ ಪ್ರದೇಶದಲ್ಲಿ ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದರು. 1834ರ ಬಡವರ ಕಾಯಿದೆಯ ಆಶಯದಂತೆ, ದುಡಿಯುವ ಕಸುವಿದ್ದವರಿಗೆ ನೆರವು ಸಿಗಬೇಕಾದದ್ದು ವರ್ಕ್‌ಹೌಸಿನಲ್ಲಿ, ಅಂದರೆ ದುಡಿಸಿಕೊಂಡು ಅನ್ನ, ಆಸರೆ ಕೊಡುವ ಸಾರ್ವಜನಿಕ ವಸತಿಗೃಹದಲ್ಲಿ ಮಾತ್ರ. ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಕಾರನ ಬದುಕಿಗಿಂತಲೂ ಕೀಳಾಗಿರಬೇಕೆಂಬುದು ಆ ನೀತಿಯ ತಿರುಳು. ಆದರೆ ನಗರಗಳಲ್ಲಿ ಅಷ್ಟು ಜನರಿಗೆ ಸ್ಥಳವೆಲ್ಲಿ? ಹಾಗಾಗಿ ಅಂಗಳದಲ್ಲಿ ಕಲ್ಲು ಒಡೆಸಿ, ಮನೆಯಲ್ಲೇ ಇರಗೊಟ್ಟು ನೆರವು ನೀಡುವ ರೂಢಿಯೂ ನಡೆದಿತ್ತು.

1871ರಲ್ಲಿ ಪಾಪ್ಲರ್ ಆಡಳಿತವು ವೃದ್ಧರನ್ನೂ ರೋಗಿಗಳನ್ನೂ ಬೇರೆಡೆಗೆ ಕಳಿಸಿ, ತನ್ನ ವರ್ಕ್‌ಹೌಸನ್ನು ಕಸುವಿದ್ದವರಿಗಷ್ಟೇ ಮೀಸಲಿಟ್ಟಿತು. ಲಂಡನ್ನಿನ ಇತರ ಭಾಗಗಳಿಂದಲೂ ಅಂಥವರನ್ನು ಇಲ್ಲಿಗೆ ಕಳಿಸತೊಡಗಿದರು. ಕಲ್ಲು ಒಡೆಯುವುದರ ಜೊತೆಗಿದ್ದ ಇನ್ನೊಂದು ಕೆಲಸವೆಂದರೆ ಹಡಗಿನ ಹಳೆಯ ಹಗ್ಗಗಳನ್ನು ಬಿಡಿಸುವುದು: ಟಾರು ಹಿಡಿದು ಮರದಂತೆ ಬಿರುಸಾದ ತುಂಡನ್ನು ಬೆರಳುಗಳಿಂದಲೇ ಎಳೆ ಎಳೆಯಾಗಿ ಬಿಡಿಸಬೇಕಿದ್ದು, ಆ ನಾರನ್ನು ಹಡಗಿನ ಹಲಗೆಗಳ ಸಂದಿಗೆ ತುರುಕಲಾಗುತ್ತಿತ್ತು. ಪ್ರವೇಶದ ಚೀಟಿ ಪಡೆದ ಹಲವರು ಒಳಗೆ ಕಾಲಿಡಲೇ ಇಲ್ಲ. ಬಾರದವರಿಗೆ ನೆರವಿನ ಅಗತ್ಯವೇ ಇರಲಿಲ್ಲವೆಂದು ಅಧಿಕಾರಿಗಳು ಅರ್ಥೈಸಿದರಾದರೂ, ಅವರು ಎಲ್ಲಿ, ಹೇಗೆ ಬದುಕಿದರೆಂದು ಆ ಲೆಕ್ಕ ಹೇಳುವುದಿಲ್ಲ. ಪಾಪ್ಲರಿನ ಸ್ವಂತ ವೃದ್ಧರಿಗೇ ಜಾಗ ಸಾಲದಾದಾಗ, 1880ರ ದಶಕದ ಆರಂಭದಲ್ಲಿ ಈ ಪ್ರಯೋಗ ನಿಂತಿತು.