ಬೇರಿನ ಕಾವಲುಗಾರ

ಸಕಲೇಶಪುರದಿಂದ ಶಿರಾಡಿ ಘಾಟಿಯ ಕಡೆಗೆ ಸಾಗುವ ಹಾದಿಯಲ್ಲಿ ಮಾರನಹಳ್ಳಿ ಇದೆ. ಈ ಸೀಮೆಯ ಕಾಫಿ ತೋಟಗಳಲ್ಲಿ ನೆರಳಿನ ಮರಗಳನ್ನು ತಬ್ಬಿಕೊಂಡು ಮೆಣಸಿನ ಬಳ್ಳಿಗಳು ಬೆಳೆಯುತ್ತವೆ. ಹಲವು ವರ್ಷ ಆರೈಕೆ ಮಾಡಿ ಬೆಳೆಸಿದ ಬಳ್ಳಿಯೊಂದು ಮುಂಗಾರಿನಲ್ಲಿ ಕೆಲವೇ ವಾರಗಳೊಳಗೆ ಎಲೆಯುದುರಿಸಿ ಸತ್ತುಹೋಗುವುದುಂಟು. ಇದೇ ಶೀಘ್ರ ಸೊರಗು ರೋಗ.

ಈ ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಹಿಂದೆ ಇದನ್ನು ಶಿಲೀಂಧ್ರವೆಂದೇ ಎಣಿಸುತ್ತಿದ್ದರು; ಈಗ ವಿಜ್ಞಾನಿಗಳು ಶಿಲೀಂಧ್ರವನ್ನು ಹೋಲುವ ಬೇರೊಂದು ಗುಂಪಿಗೆ ಸೇರಿಸಿದ್ದಾರೆ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಆದುದರಿಂದಲೇ ಬುಡದಲ್ಲಿ ನೀರು ನಿಲ್ಲುವ ತೋಟಕ್ಕೆ ಅಪಾಯ ಹೆಚ್ಚು.

ಈ ಶತ್ರುವನ್ನು ತಡೆಯಬಲ್ಲ ಮಿತ್ರನೊಬ್ಬನು ಮಣ್ಣಿನಲ್ಲಿಯೇ ಇದ್ದಾನೆ. ಅದು ಟ್ರೈಕೋಡರ್ಮ ಎಂಬ ಹಸಿರು ಬಣ್ಣದ ಶಿಲೀಂಧ್ರ. ಇದು ಮತ್ತೊಂದು ಶಿಲೀಂಧ್ರವನ್ನು ಸುತ್ತಿ ಕೊಲ್ಲುವ ಬಗೆಯನ್ನು 1932ರಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ ವಿವರಿಸಿದರು. ಟ್ರೈಕೋಡರ್ಮವು ರೋಗಾಣುವಿನ ಎಳೆಗಳನ್ನು ಸುತ್ತಿಕೊಂಡು, ಕಿಣ್ವಗಳಿಂದ ಅವುಗಳ ಗೋಡೆಯನ್ನು ಕರಗಿಸುತ್ತದೆ. ಬೇರಿನ ಸುತ್ತಲಿನ ಜಾಗವನ್ನೂ ಆಹಾರವನ್ನೂ ತಾನೇ ಮೊದಲು ಆಕ್ರಮಿಸುತ್ತದೆ. ಕಬ್ಬಿನ ಕೆಂಪು ಕೊಳೆ ರೋಗದ ವಿರುದ್ಧವೂ ಇದನ್ನು ಬಳಸುವುದುಂಟು.

ಬಳಸುವ ಕ್ರಮ ಸರಳವಾದುದು. ಮಳೆಗಾಲದ ಆರಂಭದಲ್ಲಿ ಇದನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗಳೊಡನೆ ಬೆರೆಸಿ ಬಳ್ಳಿಯ ಬುಡಕ್ಕೆ ಹಾಕುತ್ತಾರೆ. ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಈ ಮಿತ್ರನಿಗೂ ಹಾನಿಕರ. ಆದುದರಿಂದ ಎರಡನ್ನೂ ಒಟ್ಟಿಗೆ ಕೊಡಬಾರದು. ಸೊರಗಿಹೋದ ಬಳ್ಳಿಗೆ ಇದು ಸಂಜೀವಿನಿಯೂ ಅಲ್ಲ. ಬಸಿಗಾಲುವೆ ತೋಡಿ, ರೋಗ ತಗಲಿದ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟು, ಆರೋಗ್ಯವಾಗಿರುವ ಬಳ್ಳಿಗೆ ಮೊದಲೇ ಕಾವಲು ಹಾಕಿದ ಬೆಳೆಗಾರನಿಗೆ ಮಾತ್ರ ಇದರ ಫಲ ದೊರೆಯುತ್ತದೆ.