ಮರ್ಸಿಡಿಸ್ ಎಂಬ ಹೆಣ್ಣುಮಕ್ಕಳು

ಮರ್ಸಿಡಿಸ್ ಎಂದೊಡನೆ ನಮಗೆ ನೆನಪಾಗುವುದು ದುಬಾರಿ ಕಾರು. ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಅದು ಹೆಣ್ಣುಮಕ್ಕಳಿಗೆ ಅಕ್ಕರೆಯಿಂದ ಇಡುವ ಹೆಸರು. ಮೇರಿ ಮಾತೆಯನ್ನು ಕರುಣಾಮಯಿಯಾಗಿ ಆರಾಧಿಸುವ ಪರಂಪರೆಯಿಂದ ಬಂದದ್ದು. ಆಕೆಯ ಹೆಸರಿನಲ್ಲಿ 1218ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಸಂನ್ಯಾಸಿಗಳ ಸಂಘ, ಸೆರೆಸಿಕ್ಕವರನ್ನು ಹಣ ತೆತ್ತು ಬಿಡಿಸುತ್ತಿತ್ತು.

ಕಾರಿಗೆ ಹೆಸರು ಕೊಟ್ಟವಳು 1889ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮರ್ಸಿಡಿಸ್ ಯೆಲಿನೆಕ್. ಡೈಮ್ಲರ್ ಕಾರುಗಳ ವ್ಯಾಪಾರಿಯಾಗಿದ್ದ ತಂದೆ ಎಮಿಲ್‌ಗೆ ಮಗಳ ಹೆಸರು ಅದೃಷ್ಟದ್ದೆಂಬ ನಂಬಿಕೆ. 1901ರಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಆ ಹೆಸರಿನ ಕಾರು ಗೆದ್ದು ಮನೆಮಾತಾಯಿತು. ಮಗಳು ಮಾತ್ರ ಮೊದಲ ಮಹಾಯುದ್ಧದ ನಂತರದ ಬಡತನ ಕಂಡು, ನಲವತ್ತು ತುಂಬುವ ಮೊದಲೇ 1929ರಲ್ಲಿ ತೀರಿಕೊಂಡಳು.

ಕೊಲಂಬಿಯಾದ ಮರ್ಸಿಡಿಸ್ ಬಾರ್ಚಾ ಇಲ್ಲದಿದ್ದರೆ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’ ಕಾದಂಬರಿ ಬರೆದು ಮುಗಿಯುತ್ತಿತ್ತೋ ಇಲ್ಲವೋ. ಗಂಡ ಗಾರ್ಸಿಯಾ ಮಾರ್ಕೆಸ್ ಬರವಣಿಗೆಯಲ್ಲಿ ಮುಳುಗಿದ್ದಾಗ ಸಾಲಸೋಲ ಮಾಡಿ ಸಂಸಾರ ತೂಗಿಸಿದವರು ಆಕೆ. ಹಸ್ತಪ್ರತಿ ಕಳಿಸಲು ಅಂಚೆಗೆ ಹೋದಾಗ ಕೈಯಲ್ಲಿದ್ದ ಹಣ ಅರ್ಧಕ್ಕೇ ಸಾಕಾಯಿತು. ಉಳಿದರ್ಧಕ್ಕಾಗಿ ಹೀಟರು, ಮಿಕ್ಸರುಗಳನ್ನು ಗಿರವಿ ಇಟ್ಟದ್ದನ್ನು ಮಾರ್ಕೆಸ್ ಅವರೇ ಹೇಳಿಕೊಂಡಿದ್ದಾರೆ.

ಆದರೆ ಈ ಹೆಸರಿಗೆ ನಿಜವಾದ ದನಿ ಬಂದದ್ದು ಅರ್ಜೆಂಟೀನಾದ ಮರ್ಸಿಡಿಸ್ ಸೋಸಾ ಅವರಿಂದ. ಹುಟ್ಟಿದ್ದು 1935ರ ಜುಲೈ 9ರಂದು, ತುಕುಮಾನ್ ನಗರದಲ್ಲಿ. 1816ರಲ್ಲಿ ದೇಶದ ಸ್ವಾತಂತ್ರ್ಯ ಘೋಷಣೆಯಾದದ್ದೂ ಅದೇ ಊರಿನಲ್ಲಿ, ಅದೇ ತಾರೀಖಿನಂದು. ತಂದೆ ಸಕ್ಕರೆ ಕಾರ್ಖಾನೆಯ ಕೂಲಿ, ತಾಯಿ ಬಟ್ಟೆ ಒಗೆಯುವವರು. ಹದಿನೈದರ ವಯಸ್ಸಿನಲ್ಲಿ ರೇಡಿಯೊ ಸ್ಪರ್ಧೆ ಗೆದ್ದ ಹುಡುಗಿ, ಮುಂದೆ ಜನಪದ ಹಾಡನ್ನು ಹೊಸ ಕಾವ್ಯದೊಂದಿಗೆ ಬೆಸೆಯುವ ಚಳವಳಿಯ ಮುಂಚೂಣಿಗೆ ಬಂದರು.

1976ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಸಾವಿರಾರು ಜನ ಕಣ್ಮರೆಯಾದರು. ಸೋಸಾ ಹಾಡು ನಿಲ್ಲಿಸಲಿಲ್ಲ. ಲಾ ಪ್ಲಾಟಾ ನಗರದ ಸಂಗೀತ ಕಛೇರಿಗೆ ನುಗ್ಗಿದ ಪೊಲೀಸರು ವೇದಿಕೆಯಲ್ಲೇ ಅವರನ್ನು ಬಂಧಿಸಿದರು, ಕೇಳುಗರನ್ನೂ ಬಿಡಲಿಲ್ಲ. ಬಳಿಕ ಪ್ಯಾರಿಸ್, ಮ್ಯಾಡ್ರಿಡ್‌ಗಳಲ್ಲಿ ದೇಶಭ್ರಷ್ಟ ಬದುಕು. ಸೇನಾಡಳಿತ ಇನ್ನೂ ಉಸಿರಾಡುತ್ತಿದ್ದ 1982ರಲ್ಲೇ ಮರಳಿ ಬಂದು ಬ್ಯೂನಸ್ ಐರಿಸ್‌ನ ಒಪೆರಾ ರಂಗಮಂದಿರದಲ್ಲಿ ಹಾಡಿದ್ದು ಸಣ್ಣ ಧೈರ್ಯವಲ್ಲ. ತನಗಾಗಿ ಹಾಡು ಬರೆಯುವುದಕ್ಕಿಂತ ಬೇರೆಯವರು ಬರೆದುದಕ್ಕೆ ಜೀವ ತುಂಬುವುದು ಅವರ ಹಿರಿಮೆ. ಚಿಲಿಯ ವಿಯೊಲೆಟಾ ಪಾರಾ ಅವರ ‘ಗ್ರಾಸಿಯಾಸ್ ಆ ಲಾ ವಿದಾ’ ಜಗತ್ತಿಗೆ ಇಷ್ಟು ಆಪ್ತವಾದದ್ದು ಸೋಸಾ ಕಂಠದಿಂದಲೂ ಹೌದು.

2009ರ ಅಕ್ಟೋಬರ್ 4ರಂದು ಅವರು ತೀರಿಕೊಂಡಾಗ ಪಾರ್ಥಿವ ಶರೀರವನ್ನು ಸಂಸತ್ ಭವನದಲ್ಲಿರಿಸಲಾಯಿತು. 1982ರ ಆ ಕಛೇರಿಗಳ ಧ್ವನಿಮುದ್ರಣ ಇಂದಿಗೂ ಸಿಗುತ್ತದೆ. ಭಾಷೆ ಬಾರದಿದ್ದರೂ ಒಮ್ಮೆ ಕೇಳಿ.